ಒಂದು ಮುಚ್ಚಳ, ಎರಡು ಬೀಗ

ರಾಯಪುರಂನ ನಮ್ಮ ಮನೆಯಲ್ಲಿ ಕ್ಷಮೆ ಅನ್ನುವುದು ಪಿತ್ರಾರ್ಜಿತ ಆಸ್ತಿಯಾಗಿತ್ತು. ಅಜ್ಜನಿಂದ ಅಪ್ಪನಿಗೆ ಬಂದಿತ್ತು. ನಗಬೇಡಿ, ನಿಜ ಹೇಳುತ್ತಿದ್ದೇನೆ. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮಲ್ಲಿ ಉದ್ದನೆಯ ಆರಾಧನೆ. ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಸಭೆಯ ಏಳು ಜನ ಒಬ್ಬರಾದ ಮೇಲೊಬ್ಬರು ಎದ್ದು ವಿವರಿಸಬೇಕು. ಅದಕ್ಕೆ ನಾವು ‘ವಾಕ್ಯ ಹೇಳುವುದು’ ಅನ್ನುತ್ತೇವೆ. ದೇವರ ಮುಂದೆ ಏಳೂ ಒಂದೇ ಇರಬಹುದು, ನಮ್ಮ ಸಭೆಯ ಮುಂದೆ ಹಾಗಿರಲಿಲ್ಲ. ಕೊಲ್ಲುತ್ತಿರುವವರನ್ನೇ ಕ್ಷಮಿಸು ಎಂದು ಬೇಡುವ ಮೊದಲನೆಯ ವಾಕ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಮರ್ಯಾದೆ. ಮೂರನೆಯದು ತಾಯಿಯ ಕುರಿತದ್ದು, ಅದು ಯಾರಾದರೂ ಹಿರಿಯ ಹೆಂಗಸಿಗೆ. ಐದನೆಯದು ದಾಹದ ವಾಕ್ಯ. ಬಾಯಾರಿದೆ ಎಂಬುದಷ್ಟೇ ಅದರಲ್ಲಿರುವುದು. ಅದರ ಮೇಲೆ ಎಷ್ಟು ಹೊತ್ತು ಮಾತಾಡಲಾದೀತು? ಹಾಗಾಗಿ ಅದನ್ನು ಹೊಸದಾಗಿ ಮಾತು ಕಲಿಯುವ ಹುಡುಗರಿಗೆ ಕೊಡುತ್ತಿದ್ದರು. ಅಜ್ಜ ಇರುವ ತನಕ ಕ್ಷಮೆಯ ವಾಕ್ಯ ಅಜ್ಜನದು, ಅಜ್ಜ ಹೋದ ಮೇಲೆ ಅಪ್ಪನದು. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ಪ್ರಶ್ನೆ ಮಾಡಿರಲೂ ಇಲ್ಲ.

ನಮ್ಮದು ಚಿಕ್ಕ ಸಭೆ. ಗದಗ, ಹುಬ್ಬಳ್ಳಿ, ಬಳ್ಳಾರಿ ಕಡೆಯಿಂದ ಬಂದರಿನ ಕೆಲಸಕ್ಕೂ ರೈಲ್ವೆ ಕೆಲಸಕ್ಕೂ ಬಂದು ಮದರಾಸಿನಲ್ಲೇ ಬೇರುಬಿಟ್ಟ ಕನ್ನಡ ಕ್ರೈಸ್ತ ಕುಟುಂಬಗಳು. ಸ್ವಂತ ಚರ್ಚಿರಲಿಲ್ಲ. ತಮಿಳರ ಚರ್ಚಿನ ಪಕ್ಕದಲ್ಲಿದ್ದ ಹಾಲ್ ಕಟ್ಟಡವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅವರ ಹಾಡು ಗೋಡೆ ದಾಟಿ ಬಂದು ನಮ್ಮ ಹಾಡನ್ನು ಮುಳುಗಿಸುತ್ತಿತ್ತು. ಆ ಹಾಲಿನಲ್ಲಿ ಅಪ್ಪ ದೊಡ್ಡ ಮನುಷ್ಯ. ವಾರವೆಲ್ಲ ಪ್ಯಾರೀಸ್ ಕಾರ್ನರಿನ ಹಡಗು ಕಂಪನಿಯೊಂದರಲ್ಲಿ ‘ಎಸ್ ಸರ್’ ಅನ್ನುತ್ತ ಕೂರುವ ಗುಮಾಸ್ತ, ವರ್ಷಕ್ಕೊಂದು ಶುಕ್ರವಾರ ಬಿಳಿ ಅಂಗಿ ಹಾಕಿ ಪೀಠ ಹತ್ತಿದನೆಂದರೆ ಬೇರೆಯೇ ಆಗುತ್ತಿದ್ದ. ಶುಭ ಶುಕ್ರವಾರಕ್ಕೆ ಮುಂಚಿನ ನಲವತ್ತು ದಿನದ ಲೆಂಟ್ ಕಾಲ ಶುರುವಾದ ಕೂಡಲೇ ಬಚ್ಚಲಲ್ಲಿ ಪ್ರಸಂಗದ ಅಭ್ಯಾಸ. ಅವ್ವ ಒಲೆಯ ಮುಂದೆ ಕೂತು ‘ಹೂಂ’ಗುಟ್ಟಬೇಕು. ಅವಳು ‘ಹೂಂ’ ಅನ್ನುವುದು ತಡವಾದರೆ ಅಪ್ಪ ಬಚ್ಚಲಿಂದಲೇ ಸಿಡುಕುತ್ತಿದ್ದ. ಕ್ಷಮೆಯ ಪ್ರಸಂಗ ಮಾಡುತ್ತ ಸಿಡುಕುವುದು ವಿಚಿತ್ರ ಅಂತ ನಮಗೆ ಆಗ ಅನಿಸುತ್ತಿರಲಿಲ್ಲ. ಅವನ ದನಿ ಕೇಳಿ ನನಗೆ ಮೈ ಜುಂ ಅನ್ನುತ್ತಿತ್ತು. ನಾನು ಅವನ ಮಗಳು ಅಂತ ಎಲ್ಲರಿಗೂ ಗೊತ್ತಾಗಲಿ ಎಂದು ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದೆ.

ಅವ್ವನಿಗೂ ಒಂದು ಜಂಬವಿತ್ತು. ಶುಭ ಶುಕ್ರವಾರ ಆ ಮೂರು ತಾಸು ನಾವು ಯಾರೂ ನೀರು ಸಹ ಕುಡಿಯುವುದಿಲ್ಲ. ಆರಾಧನೆ ಮುಗಿದ ಮೇಲೆ ಸಭೆಯೆಲ್ಲ ನಮ್ಮ ಮನೆಯಂಗಳಕ್ಕೆ ಬಂದು ಗಂಜಿ ಕುಡಿದು ಉಪವಾಸ ಬಿಡುವುದು ರೂಢಿ. ಅಕ್ಕಿ, ಹೆಸರುಬೇಳೆ, ಒಂದು ಚಿಟಿಕೆ ಮೆಂತ್ಯ, ಕೊನೆಗೆ ಕಾಯಿಹಾಲು. ಪಕ್ಕಕ್ಕೆ ಹುರಿಗಡಲೆಯ ಚಟ್ನಿ. ಅವ್ವ ಮದುವೆಯಾಗಿ ಬಂದ ವರ್ಷದಿಂದ ಆ ಹಂಡೆಗೆ ಬೇರೆ ಯಾರ ಕೈಯನ್ನೂ ಹಾಕಗೊಟ್ಟಿರಲಿಲ್ಲ. ಗಂಜಿಗೆ ನೀರು ಅಂಗಳದ ಸಂಪಿನದು. ಅಜ್ಜ ಕಟ್ಟಿಸಿದ ಸಂಪು, ಕಬ್ಬಿಣದ ಮುಚ್ಚಳ. ಕೊಳಾಯಿಯ ನೀರಿಗೆ ಮೇಲೇರುವ ಬಲವಿರಲಿಲ್ಲ, ಬಿಟ್ಟಾಗ ನೇರ ಅದರೊಳಕ್ಕೆ ಇಳಿಯುತ್ತಿತ್ತು. ಮೋಟಾರು ಸುಟ್ಟು ಯಾವ ಕಾಲವೋ ಆಗಿತ್ತು. ಅದನ್ನು ಯಾರು ರಿಪೇರಿ ಮಾಡಿಸಬೇಕೆಂಬುದು ಅಣ್ಣತಮ್ಮಂದಿರ ಹಳೆಯ ತಕರಾರು. ಹಾಗಾಗಿ ಎರಡೂ ಮನೆಯ ಹೆಂಗಸರು ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ಸೇದುತ್ತಿದ್ದರು.

ಎರಡು ಮನೆ ಅಂದೆನಲ್ಲ, ಮೇಲಿನ ಮನೆ ಅಪ್ಪನ ಅಣ್ಣನದು. ನಮ್ಮ ದೊಡ್ಡಪ್ಪ ಸಾಮುವೇಲ ರೈಲ್ವೆಯಲ್ಲಿದ್ದು ಊರೂರು ತಿರುಗಿ, ರಿಟೈರಾಗಿ ದೊಡ್ಡವ್ವನನ್ನು ಕರೆದುಕೊಂಡು ಬಂದು ಮಹಡಿಯಲ್ಲಿ ನೆಲೆಸಿದ್ದ. ಬಂದ ಹೊಸತರಲ್ಲಿ ಚೆನ್ನಾಗಿಯೇ ಇತ್ತು. ಸಾಯಂಕಾಲ ಅಣ್ಣತಮ್ಮ ಮೆಟ್ಟಿಲ ಮೇಲೆ ಕೂತು ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತಿದ್ದರು. ಆಮೇಲೆ ದೊಡ್ಡಪ್ಪ ಸಭೆಯ ಕಾರ್ಯದರ್ಶಿಯಾದ. ರೈಲ್ವೆಯಲ್ಲಿ ಜನರನ್ನು ನಡೆಸಿದ ಮನುಷ್ಯ, ಸುಮ್ಮನೆ ಕೂರುತ್ತಾನೆಯೇ? ಲೆಂಟ್ ಕಾಲದ ಒಂದು ಭಾನುವಾರ ಪ್ರಕಟಣೆ ಓದಲು ಎದ್ದು ನಿಂತು, ಕನ್ನಡಕ ಸರಿಮಾಡಿಕೊಂಡು, ಈ ಸಲದ ಏಳು ವಾಕ್ಯಗಳನ್ನು ಯಾರು ಯಾರು ಹೇಳುತ್ತಾರೆಂದು ಓದಿದ.

“ಒಂದನೇ ವಾಕ್ಯ, ಶ್ರೀ ಸಾಮುವೇಲ ಅವರು.”

ತನ್ನ ಹೆಸರನ್ನು ತಾನೇ ಮರ್ಯಾದೆ ಸಹಿತ ಓದಿಕೊಂಡ. ಅಪ್ಪನ ಕುತ್ತಿಗೆಯ ನರ ಬಿಗಿಯುವುದು ನನಗೆ ಪಕ್ಕದಿಂದ ಕಾಣುತ್ತಿತ್ತು. ಎರಡು, ಮೂರು, ನಾಲ್ಕು ಬಂದು ಹೋದವು.

“ಐದನೇ ವಾಕ್ಯ, ಜಯವಂತ.”

ಶ್ರೀ ಇಲ್ಲ, ಅವರು ಇಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಪ್ಪ ಕೊನೆಯ ಹಾಡಿಗೂ ನಿಲ್ಲದೆ ಹೊರಗೆ ನಡೆದುಬಿಟ್ಟ. ನಾನು ಅವನ ಹಿಂದೆ ಓಡಿದೆ. ಮನೆ ಮುಟ್ಟಿದವನೇ ಅಂಗಳದಲ್ಲಿ ಚಪ್ಪಲಿ ಸಹ ಬಿಡದೆ ಅಣ್ಣನಿಗಾಗಿ ಕಾದು ನಿಂತ. ದೊಡ್ಡಪ್ಪ ಗೇಟು ತೆಗೆದದ್ದೇ ತಡ, ಶುರುವಾಯಿತು.

“ಹುಡುಗುರಿಗೆ ಕೊಡೂ ವಾಕ್ಯ ನನಗ ಕೊಟ್ಟಿಯಲ್ಲ ಅಣ್ಣಾ, ಯಾಕ? ಅಪ್ಪನ ವಾಕ್ಯ ಅದು. ಸಾಯೋ ಮುಂದ ನನ್ನ ಕೈ ಹಿಡದು ಹೇಳಿ ಹೋಗ್ಯಾನ.”

“ಅಪ್ಪನ ಹಿರೇ ಮಗ ಯಾರು? ನಾ ಊರಾಗ ಇದ್ದಿದ್ದಿಲ್ಲಂತ ಆ ವಾಕ್ಯ ನೀ ಹೇಳಿದಿ. ಈಗ ಬಂದೀನಿ. ಅದರಾಗ ತಪ್ಪೇನೈತಿ? ದೇವರ ವಾಕ್ಯದಾಗ ಸಣ್ಣದು ದೊಡ್ಡದು ಇಲ್ಲ.”

“ಸಣ್ಣದು ದೊಡ್ಡದು ಇಲ್ಲಾಂದ್ರ ಐದನೇದು ನೀನ ಹೇಳು!”

ದೊಡ್ಡಪ್ಪ ತಣ್ಣಗೆ, “ನಿನಗ ಸೊಕ್ಕು ಬಂದೈತಿ ಜಯವಂತಾ. ಈ ವರ್ಷ ಸುಮ್ನ ಇದನ್ನ ಹೇಳು, ಸೊಕ್ಕು ಇಳೀಲಿ,” ಅಂದುಬಿಟ್ಟ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು “ಅಯ್ಯೋ ದೇವರೇ, ಇದೊಂದು ಬ್ಯಾಡಾಗಿತ್ತು” ಎಂದು ಹಣೆ ಬಡಿದುಕೊಂಡಳು. ಅಪ್ಪ ಒಳಗೆ ಹೋಗಿ ಟ್ರಂಕಿನ ಬೀಗ ಕಿತ್ತುಕೊಂಡು ಬಂದ. ಸಂಪಿನ ಮುಚ್ಚಳದ ಚಿಲಕಕ್ಕೆ ಅದನ್ನು ಹಾಕಿ ಒತ್ತಿದ.

“ದಾಹದ ವಾಕ್ಯ ನನ್ನ ಪಾಲಿಗೆ ಹಾಕಿದಿ. ಹಂಗಾರ ನೀರೂ ನಂದ. ಕ್ಷಮಾ ನಿನ್ನದಲ್ಲ? ಮ್ಯಾಲೆ ಕುಂತು ಅದನ್ನ ಕುಡಿ.”

ದೊಡ್ಡಪ್ಪನೇನು ಕಡಿಮೆ ಕುಳವೇ? ಮಹಡಿಗೆ ಹೋಗಿ ರೈಲ್ವೆ ಕಾಲದ ಹಿತ್ತಾಳೆ ಬೀಗ ತಂದು, ಅದೇ ಚಿಲಕಕ್ಕೆ ಅಪ್ಪನ ಬೀಗದ ಪಕ್ಕದಲ್ಲೇ ಜಡಿದ. ಒಂದು ಮುಚ್ಚಳ, ಎರಡು ಬೀಗ. ಇಬ್ಬರೂ ಕೂಡದೆ ಯಾರಿಗೂ ಹನಿ ನೀರಿಲ್ಲ.

ಆ ವರ್ಷ ಮದರಾಸಿನಲ್ಲಿ ನೀರಿಗೆ ಹಾಹಾಕಾರ. ಬೀದಿಗೆ ಲಾರಿ ಬಂದು ನೀರು ಕೊಡುತ್ತಿತ್ತು. ನಮ್ಮ ಬೀದಿಯಲ್ಲಿ ಸಂಪಿದ್ದವರು ಬೆರಳೆಣಿಕೆಯ ಮಂದಿ, ಅವರು ಲಾರಿಯ ಹತ್ತಿರ ಬರುತ್ತಿರಲಿಲ್ಲ. ನಾವು ಮಾತ್ರ ಸಂಪಿಟ್ಟುಕೊಂಡು ಬೀದಿಗೆ ಬಂದೆವು. ಬೆಳಗಿನ ಜಾವ ಕೊಳಾಯಿ ಬಿಟ್ಟಾಗ ಕಬ್ಬಿಣದ ಮುಚ್ಚಳದ ಕೆಳಗೆ ನೀರು ದಬದಬ ಬೀಳುವುದು ಹಾಸಿಗೆಯಲ್ಲಿದ್ದ ನನಗೆ ಕೇಳುತ್ತಿತ್ತು. ಅದೇ ಹೊತ್ತಿಗೆ ಅವ್ವ ಹಸಿರು, ಕೆಂಪು ಪ್ಲಾಸ್ಟಿಕ್ ಕೊಡಗಳನ್ನು ಜೋಡಿಸಿಕೊಂಡು ಹೊರಡುತ್ತಿದ್ದಳು. ಮೆಟ್ಟಿಲಿಳಿದು ದೊಡ್ಡವ್ವನೂ ಬರುತ್ತಿದ್ದಳು. ಗಂಡಂದಿರಿಗೆ ಮಾತಿರಲಿಲ್ಲ, ಇವರಿಗೆ ಇತ್ತು. ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತು, ಒಬ್ಬರ ಕೊಡ ಇನ್ನೊಬ್ಬರು ಸೊಂಟಕ್ಕೆ ಎತ್ತಿ ಕೊಡುತ್ತಿದ್ದರು. ಎದುರುಮನೆಯ ಮೀನು ಮಾರುವ ಹೆಂಗಸು ಒಂದು ದಿನ ಎಲ್ಲರೆದುರು ಕೇಳಿಯೇಬಿಟ್ಟಳು.

“ಏನ್‌ಮಾ, ವೀಟ್ಲ ತಣ್ಣಿ ಇರುಕ್ಕು, ತೆರುವುಲ ಏನ್ ನಿಕ್ಕಿರೆ?”

ಮನೆಯಲ್ಲೇ ನೀರಿದ್ದು ಬೀದಿಯಲ್ಲಿ ಯಾಕೆ ನಿಂತಿದ್ದೀಯ ಎಂದರೆ ಅವ್ವ ಏನು ಹೇಳಬೇಕು? ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿದೆ ಎಂದು ಸುಳ್ಳು ಹೇಳಿದಳು. ಸಾಲೆಲ್ಲ ನಕ್ಕಿತು. ಆ ದಿನ ಮನೆಗೆ ಬಂದವಳು ನೀರು ಸೇದುವ ಬಕೆಟ್ಟನ್ನೂ ಹಗ್ಗವನ್ನೂ ಅಟ್ಟದ ಮೇಲಿನ ಗಂಜಿ ಹಂಡೆಯೊಳಗಿಟ್ಟು, ಮೇಲೆ ತಟ್ಟೆ ಮುಚ್ಚಿಬಿಟ್ಟಳು. ಸ್ಟೂಲು ಹಿಡಿದುಕೊಂಡವಳು ನಾನೇ.

ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ರಾಜಿ ಮಾಡಿಸಲು ಬಂದರು. ಹುಬ್ಬಳ್ಳಿಯಿಂದ ಹೊಸದಾಗಿ ಬಂದ, ಮೀಸೆ ಸರಿಯಾಗಿ ಮೂಡಿರದ ಸಾಧು ಮನುಷ್ಯ. ಇಬ್ಬರನ್ನೂ ನಮ್ಮ ನಡುಮನೆಯಲ್ಲಿ ಕೂರಿಸಿ, ಹಿರಿಯರು ಹೇಳುವುದೂ ಸರಿ, ಕಿರಿಯರು ಹೇಳುವುದೂ ಸರಿ ಅಂದರು. ಆಮೇಲೆ ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಕೊನೆಗೆ ಅಪ್ಪ ಜೋರಾಗಿ “ಆಮೆನ್” ಅಂದ. ದೊಡ್ಡಪ್ಪ ಅದಕ್ಕಿಂತ ಜೋರಾಗಿ ಅಂದ. ಅಪ್ಪ ಇನ್ನೊಂದು ಸಲ ಅಂದ. ಅವ್ವ ಕೊಟ್ಟ ಕಾಫಿ ಕುಡಿದು ಅಯ್ಯನವರು ಪಾಪ, ರುಚಿಯಾಗಿದೆ ತಂಗೀ ಅಂದರು.

“ಲಾರಿ ನೀರಿನ ಕಾಫಿ ಅಯ್ನೋರ. ಬೀದ್ಯಾಗ ಬಡದಾಡಿ ತಂದದ್ದು,” ಅಂದಳು ಅವ್ವ, ಗಂಡನ ಕಡೆ ನೋಡಿಕೊಂಡೇ.

ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ ಸಾಯಂಕಾಲ, ಅವ್ವ ಅಕ್ಕಿಯ ಮೊರ ಮುಂದಿಟ್ಟುಕೊಂಡು ಕೂತಿದ್ದಳು. ಆರಿಸುವುದು ಮುಗಿದಿತ್ತು, ಸುಮ್ಮನೆ ಅಕ್ಕಿಯ ಮೇಲೆ ಕೈಯಾಡಿಸುತ್ತಿದ್ದಳು. ಅಪ್ಪ ಆಫೀಸಿನಿಂದ ಬಂದು ಅಂಗಿ ಕಳಚುತ್ತಿದ್ದ.

“ನಾಳೆ ಗಂಜೀಗೆ ನೀರು ಬೇಕು. ಇಷ್ಟು ಮಂದೀಗೆ ಲಾರಿ ನೀರು ಸಾಲೂದಿಲ್ಲ. ಕೀಲಿ ತಗಸ್ರಿ.”

“ಅವಂಗ ಹೇಳು. ಅವ ಮೊದಲ ತಗೀಲಿ.”

“ಅವರು ನೀವು ಮೊದಲ ತಗೀರಿ ಅಂತಾರ. ಮ್ಯಾಲೆ ಹೋಗಿ ಕೇಳೇ ಬಂದೀನಿ.”

“ಹಂಗಾರ ಗಂಜಿ ಬ್ಯಾಡ.”

“ಬ್ಯಾಡ?” ಅವ್ವನ ದನಿ ಏರಿತು. “ನಾಳೆ ಸಭಾ ಎಲ್ಲಾ ಅಂಗಳಕ್ಕ ಬಂದು ನಿಂತರ ಏನ ಹೇಳ್ಲಿ? ಇವತ್ತ ಗಂಜಿ ಬ್ಯಾಡ ಅಂತೀರಿ, ನಾಳೆ ನಡುವ ಗೋಡಿ ಕಟ್ಟೂಣು ಅಂತೀರಿ. ಮನಿ ಎರಡಾಕ್ಕೈತ್ರಿ. ನೀವು ಆ ವಾಕ್ಯ ಹೇಳಾಕಾದ್ರೂ ಹೋಗ್ರಿ. ಒಬ್ಬರು ಬಗ್ಗಿದ್ರ ಇನ್ನೊಬ್ಬರು ಬಗ್ಗತಾರ.”

“ನಾ ಆ ಪೀಠ ಹತ್ತೂದಿಲ್ಲ. ಕರದ್ರ ಕರೀಲಿ. ಕುಂತಲ್ಲೇ ಕುಂತಿರತೀನಿ. ಕಾರ್ಯದರ್ಶಿ ಮುಖ ಹೆಂಗಾಗತೈತಿ ನೋಡಬೇಕು.”

ಅವ್ವ ಮೊರದ ಅಕ್ಕಿಯನ್ನು ಡಬ್ಬಿಗೆ ವಾಪಸು ಸುರಿದಳು. ಆ ಸದ್ದಿಗೆ ಅಪ್ಪ ತಿರುಗಿ ಸಹ ನೋಡಲಿಲ್ಲ. ಗಂಜಿಯಿಲ್ಲದ ಶುಭ ಶುಕ್ರವಾರವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುದಿನ ಹಾಲಿನಲ್ಲಿ ಬೆಂಕಿಯಂಥ ಸೆಕೆ. ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಬರುತ್ತಿರಲಿಲ್ಲ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದ. ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತ. ಅವ್ವ, ದೊಡ್ಡವ್ವ, ನಾನು ಮಧ್ಯದ ಬೆಂಚಿನಲ್ಲಿ. ದೊಡ್ಡಪ್ಪ ಪೀಠ ಹತ್ತಿ ಕ್ಷಮೆಯ ಕುರಿತು ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಸುಳ್ಳು ಯಾಕೆ ಹೇಳಲಿ. ಆದರೆ ನಿಲ್ಲಿಸಲೊಲ್ಲ. ಸ್ವಂತ ರಕ್ತದವರಿಂದಲೇ ನೋವಾದರೂ ಕ್ಷಮಿಸುವುದು ಹೇಗೆ ಎಂದು ಹೇಳುವಾಗ ಕೊನೆಯ ಬೆಂಚಿನ ಕಡೆ ದೀರ್ಘವಾಗಿ ನೋಡಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡ. ಜನ ಎಲ್ಲ ಹಿಂದೆ ತಿರುಗಿ ಅಪ್ಪನನ್ನು ನೋಡಿದರು. ನನ್ನ ಪಕ್ಕದಲ್ಲಿ ದೊಡ್ಡವ್ವ ಹಲ್ಲು ಕಚ್ಚಿ, “ಸಾಕು ಇಳೀರಿ” ಎಂದು ಗೊಣಗಿದಳು.

ಎರಡನೆಯದು, ಮೂರನೆಯದು, ನಾಲ್ಕನೆಯದು. ಒಂದೊಂದು ಮುಗಿದಾಗಲೂ ಒಂದು ಹಾಡು. ನನ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅಯ್ಯನವರು ಎದ್ದು ನಿಂತರು.

“ಐದನೆಯ ವಾಕ್ಯ. ಶ್ರೀ ಜಯವಂತ ಅವರು ಬರಬೇಕು.”

ಯಾರೂ ಏಳಲಿಲ್ಲ. ಗೋಡೆಯಾಚೆ ತಮಿಳರ ಹಾಡು ಏರುತ್ತಿತ್ತು. ಅಯ್ಯನವರು ಬೆವರೊರೆಸಿಕೊಂಡು ಇನ್ನೊಮ್ಮೆ ಕರೆದರು. ನಾನು ತಿರುಗಿ ನೋಡಿದೆ. ಅಪ್ಪ ಕೈಕಟ್ಟಿ ಫ್ಯಾನು ನೋಡುತ್ತ ಕೂತಿದ್ದ, ತುಟಿಯ ಕೊನೆಯಲ್ಲಿ ಸಣ್ಣ ನಗು. ಮುಂದಿನ ಬೆಂಚಿನಲ್ಲಿ ದೊಡ್ಡಪ್ಪನ ಕಿವಿ ಕೆಂಪಾಗಿತ್ತು. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಭೂಮಿ ಬಾಯಿಬಿಡಬಾರದೇ ಅಂದುಕೊಂಡೆ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಸೀರೆ ಸರಿದ ಸದ್ದಾಯಿತು. ಅವ್ವ ಎದ್ದಿದ್ದಳು. ಸಭೆಯಲ್ಲಿ ಹಾಡು ಬಿಟ್ಟರೆ ಒಂದು ಮಾತಾಡಿದವಳಲ್ಲ. ಬಿಳಿ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು. ಪೀಠ ಹತ್ತಲಿಲ್ಲ. ಕೆಳಗೆ ಮೇಜಿನ ಮೂಲೆ ಹಿಡಿದು ನಿಂತಳು.

“ನನಗ ಪ್ರಸಂಗ ಬರೂದಿಲ್ಲ. ಬಾಯಾರಿದಂವಗ ನೀರು ಕೊಡಬೇಕು, ಈ ವಾಕ್ಯಕ್ಕ ಅಷ್ಟ ಅರ್ಥ ಅಂತ ನಾ ತಿಳಕೊಂಡೀನಿ. ನಮ್ಮನಿ ಅಂಗಳದಾಗ ಸಂಪ ಐತಿ. ಅದರ ನೀರಾಗ ಕುದಿಸಿದ ಗಂಜಿ ನೀವೆಲ್ಲಾ ವರ್ಷಾ ಕುಡದೀರಿ. ಈ ಸಲ ಅದಕ್ಕ ಎರಡು ಕೀಲಿ ಬಿದ್ದಾವ. ಒಂದು, ಈಗ ಇಲ್ಲಿ ನಿಂತು ಕ್ಷಮೆಯ ವಾಕ್ಯ ಹೇಳಿದವರದು. ಇನ್ನೊಂದು, ಈ ವಾಕ್ಯ ಹೇಳಲಾರದ ಹಿಂದ ಕುಂತವರದು. ಕೆಳಗ ನೀರು ತುಂಬಿ ನಿಂತೈತಿ. ನಾನೂ ಮ್ಯಾಲಿನ ಮನಿ ನಮ್ಮಕ್ಕನೂ ಬೀದ್ಯಾಗ ಲಾರಿ ಮುಂದ ನಿಂದರತೀವಿ. ಮನಿ ಮಾನ ಅಂತ ಇಷ್ಟು ದಿನ ಸುಮ್ನಿದ್ವಿ. ಇವತ್ತ ಗಂಜಿ ಇಲ್ಲ. ನೀರಡಿಸಿದವರು ನಿಮ್ಮ ನಿಮ್ಮ ಮನೀಗೆ ಹೋಗಿ ಕುಡೀರಿ.”

ಬಂದು ಕೂತಳು. ದೊಡ್ಡವ್ವ ಅವಳ ಕೈ ಹಿಡಿದುಕೊಂಡಳು. ಹಾಡು ಎತ್ತಬೇಕಾದವರು ಮರೆತರು. ಎಲ್ಲವೂ ಮುಗಿಯಿತು ಎಂಬ ಆರನೆಯ ವಾಕ್ಯ ಹೇಳಬೇಕಾಗಿದ್ದವರು ಪೀಠದಲ್ಲಿ ನಿಂತು ತಡವರಿಸಿ, ಬೇಗ ಇಳಿದುಬಿಟ್ಟರು. ಆರಾಧನೆ ಮುಗಿದ ಮೇಲೆ ಜನ ನಮ್ಮ ಹತ್ತಿರ ಬರಲಿಲ್ಲ, ನಮ್ಮನ್ನು ಸುತ್ತಿಕೊಂಡು ಹೋದರು.

ಹೊರಗೆ ರಸ್ತೆಯಲ್ಲಿ ನಾನು ಕಂಡದ್ದನ್ನು ನನ್ನ ಕಣ್ಣೇ ನಂಬಲಿಲ್ಲ. ಮುಂದೆ ಅಪ್ಪ, ಅವನ ಪಕ್ಕದಲ್ಲಿ ದೊಡ್ಡಪ್ಪ. ಹೆಗಲಿಗೆ ಹೆಗಲು ಹಚ್ಚಿ ನಡೆಯುತ್ತಿದ್ದರು. ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದವರು ಮಾತಾಡುತ್ತಿದ್ದರು. ಓಡಿ ಹತ್ತಿರ ಹೋದೆ.

“ಸಭಾದಾಗ ಮಾನ ಕಳದ್ಲು ಅಣ್ಣಾ.”

“ನಿಂದಷ್ಟ ಅಲ್ಲ, ನಂದೂ ಕಳದ್ಲು. ಹಿರ್ಯಾರಿರೂ ಮನಿ ಅಂತ ಸೈತ ನೋಡಲಿಲ್ಲ.”

“ನೀರು ಕೊಡೂದಿಲ್ಲಂತ ನಾವ ಎಂದರ ಅಂದೀವೇನು?”

“ಎಲ್ಲಿ ಅಂದೀವಿ?”

ನನಗೆ ಆಗಿನ ಕೋಪ ಈಗಲೂ ಆರಿಲ್ಲ. ರಾಜಿಯಾಗಲಿ ಎಂದು ಅವ್ವ ಬೇಡಿಕೊಂಡಾಗ ಆಗದವರು, ಅವಳ ಮೇಲೆ ಸಿಟ್ಟು ಮಾಡುವುದಕ್ಕೆ ಒಂದಾದರು. ಮುಂದಿನದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಣ್ಣತಮ್ಮಂದಿರು ಸಾಯುವ ತನಕ ಮತ್ತೆ ಜಗಳವಾಡಲಿಲ್ಲ. ಮೊದಲನೆಯ ವಾಕ್ಯವನ್ನು ಒಂದು ವರ್ಷ ಇವನು, ಒಂದು ವರ್ಷ ಅವನು ಹೇಳಿದರು. ಮನೆ ಎರಡಾಗಲಿಲ್ಲ, ಗೋಡೆ ಏಳಲಿಲ್ಲ. ಅವ್ವನಿಗೆ ಮಾತ್ರ ಆ ಸಭೆಯಲ್ಲಿ ಯಾವ ವಾಕ್ಯವೂ ಸಿಗಲಿಲ್ಲ. ಅವಳು ಮುದುಕಿಯಾದ ಮೇಲೂ ತಾಯಿಯ ವಾಕ್ಯ ಅವಳನ್ನು ದಾಟಿ ದಾಟಿ ಬೇರೆ ಮನೆಗಳಿಗೆ ಹೋಯಿತು. “ಹೋಗಲಿ ಬಿಡು, ನಂದು ಒಂದ ಸಲ ಹೇಳಿ ಮುಗಿಸೀನಿ,” ಅನ್ನುತ್ತಿದ್ದಳು. ಈ ಬಾಯಿ ನಿನಗೆ ಎಲ್ಲಿಂದ ಬಂತು ಮಾರಾಯ್ತಿ ಅಂತ ನನ್ನ ಗಂಡ ಆಗಾಗ ಕೇಳುತ್ತಾನೆ. ಆ ಮಧ್ಯಾಹ್ನದಿಂದ ಬಂತು.

ಆ ದಿನ ಮನೆಗೆ ಬಂದವರೇ ಅಣ್ಣತಮ್ಮ ಇಬ್ಬರೂ ಅಂಗಳದಲ್ಲಿ ನಿಂತು ಜೇಬಿಗೆ ಕೈ ಹಾಕಿದರು. ಬೀಗದ ಕೈಯನ್ನು ಆರಾಧನೆಗೂ ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದರು, ಇಬ್ಬರೂ! ಅಪ್ಪ ತನ್ನದನ್ನು ತೆಗೆದ, ದೊಡ್ಡಪ್ಪ ತನ್ನದನ್ನು ತೆಗೆದ. ಇಬ್ಬರೂ ಸೇರಿ ಮುಚ್ಚಳ ಎತ್ತಿ ಬದಿಗೆ ಸರಿಸಿದರು. ಸಂಪಿನ ಆಳದಲ್ಲಿ ಒಂದಾಳು ನೀರು ನಿಂತಿತ್ತು. ಮುಚ್ಚಳದ ಸದ್ದಿಗೆ ಮೀನಿನ ಹೆಂಗಸು ಎದುರುಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಅವಳಿಗೂ ಕೇಳಲಿ ಎಂಬಂತೆ, “ನೋಡು, ತಗದೈತಿ. ಯಾರು ಬ್ಯಾಡ ಅಂದಿದ್ರು?” ಅಂದ. ಆಮೇಲೆ ಅಣ್ಣತಮ್ಮ ಇಬ್ಬರೂ ಮೆಟ್ಟಿಲ ಮೇಲೆ, ಪೇಪರು ಓದುವ ಜಾಗದಲ್ಲಿ ಕೂತರು. ಇಬ್ಬರ ಬಿಳಿ ಅಂಗಿಯೂ ಬೆನ್ನಿಗೆ ಅಂಟಿತ್ತು.

“ಅಣ್ಣಾ, ನೀರು ಕುಡೀತಿ?” ಅಂದ ಅಪ್ಪ. ಅಣ್ಣ ತಲೆಯಾಡಿಸಿದ. ಅಪ್ಪ ಅಡುಗೆಮನೆಯ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, ಪ್ರತಿದಿನ ಕೂಗುವ ಹಾಗೆಯೇ ಕೂಗಿದ.

“ಏ ಶಾಂತಾ, ಇಬ್ಬರಿಗೂ ನೀರು ತಗೊಂಬಾ.”

ಅವ್ವ ಬಾಗಿಲಿಗೆ ಬಂದಳು. ಅವಳ ತುಟಿ ಒಣಗಿ ಬಿರಿದಿತ್ತು. ತೆರೆದ ಸಂಪನ್ನು ನೋಡಿದಳು, ಮೆಟ್ಟಿಲ ಮೇಲಿನ ಇಬ್ಬರನ್ನು ನೋಡಿದಳು.

“ಸಂಪ ತಗದೈತಲ್ಲ,” ಅಂದಳು. “ಸೇದಿಕೊಂಡು ಕುಡೀರಿ.”

ಒಳಗೆ ಹೋಗಿಬಿಟ್ಟಳು. ಅಪ್ಪ ಎದ್ದ. ದೊಡ್ಡಪ್ಪನೂ ಎದ್ದ. ಇಬ್ಬರೂ ಸಂಪಿನ ಬಾಯಿಗೆ ಬಂದು ಬಗ್ಗಿ ನೋಡಿದರು. ನೀರು ಕೈಗೆ ಎಟುಕುತ್ತಿರಲಿಲ್ಲ. ಆ ಸಂಪಿನ ಮೇಲೆ ಎರಡು ಬೀಗ ಜಡಿದವರಿಗೆ ಅದರ ಬಕೆಟ್ಟು ಎಲ್ಲಿರುತ್ತದೆ ಎಂಬುದು ಗೊತ್ತಿರಲಿಲ್ಲ. ಬಚ್ಚಲಿನಲ್ಲಿ ಹುಡುಕಿದರು, ಮೆಟ್ಟಿಲ ಕೆಳಗೆ ಹುಡುಕಿದರು. ಕೊನೆಗೆ ಅಪ್ಪ ನನ್ನ ಕಡೆ ತಿರುಗಿದ. ಗಂಟಲು ಒಣಗಿ ಅವನ ದನಿ, ಪೀಠದ ಮೇಲಿನ ಆ ದನಿ, ಕೀರಲಾಗಿತ್ತು.

“ಸುಗುಣಾ, ಬಕೀಟು ಎಲ್ಲೈತವ್ವಾ?”

ನನಗೆ ಗೊತ್ತಿತ್ತು.

“ಹುಡುಕ್ರಿ,” ಅಂದೆ.